ರ‍್ಯಾಂಡ್ ಬೆಟ್ಟಗಳಲ್ಲಿ ಗಾಲಿ ಗುರುತು ಎಣಿಸಿದ ದಿನ

ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಸುಮಾರು ಎರಡು ಗಂಟೆ ಕಾರು ಓಡಿಸಿದರೆ ಮೊಹಾವಿ ಮರುಭೂಮಿಯ ಪಶ್ಚಿಮದ ಅಂಚು ಸಿಗುತ್ತದೆ. ಹೆದ್ದಾರಿ 14ರ ಎಡಕ್ಕೆ ಜಾಬೋನ್ ಕಣಿವೆ, ಇನ್ನೂ ಮುಂದೆ ಡವ್ ಸ್ಪ್ರಿಂಗ್ಸ್. ಈ ಎರಡೂ ಕಡೆ ಡರ್ಟ್ ಬೈಕು, ಬಗ್ಗಿ (ಮರಳಿನ ಮೇಲೆ ಓಡಿಸುವ ನಾಲ್ಕು ಚಕ್ರದ ಹಗುರ ಗಾಡಿ), ಜೀಪುಗಳನ್ನು ಮನಸ್ಸು ಬಂದ ಕಡೆ ಓಡಿಸಬಹುದು. ಸರ್ಕಾರವೇ ಅದಕ್ಕೆಂದು ಬಿಟ್ಟುಕೊಟ್ಟ ಜಾಗ. ಹೆದ್ದಾರಿಯ ಬಲಕ್ಕೆ, ಫ್ರೀಮಾಂಟ್ ಕಣಿವೆಯ ಆಚೆ, ರ‍್ಯಾಂಡ್ ಬೆಟ್ಟಗಳು. ಅಲ್ಲಿ ಗುರುತು ಮಾಡಿದ ದಾರಿ ಬಿಟ್ಟು ಗಾಡಿ ಇಳಿಸುವಂತಿಲ್ಲ. ಎರಡೂ ಒಕ್ಕೂಟ ಸರ್ಕಾರದ ಭೂಮಿಯೇ, ನೋಡಿಕೊಳ್ಳುವುದೂ ಅದೇ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್. ಮಣ್ಣಿನ ಬಣ್ಣ ಒಂದೇ, ಕ್ರಿಯೊಸೋಟ್ ಪೊದೆಗಳೂ ಅವೇ. ವ್ಯತ್ಯಾಸವೆಲ್ಲ ಇರುವುದು ನಕಾಶೆಯಲ್ಲಿ ಮತ್ತು ದಾರಿ ಗುರುತಿಸಲು ನೆಲದಲ್ಲಿ ನೆಟ್ಟ, ಎದೆಯೆತ್ತರಕ್ಕೂ ಬಾರದ ಕಂದು ಬಣ್ಣದ ಫೈಬರ್ ಪಟ್ಟಿಗಳಲ್ಲಿ.

ಆ ಪಟ್ಟಿಗಳು ನಿಂತಿವೆಯೇ, ಅವುಗಳ ಆಚೆ ಎಷ್ಟು ಗಾಲಿಗಳು ಹೋಗಿವೆ, ಇಲ್ಲಿಯ ಮರುಭೂಮಿ ಆಮೆಯ ಬಿಲಗಳು ಏನಾಗಿವೆ ಎಂದು ನೋಡಿ ಬರೆದುಕೊಳ್ಳುವ ಸ್ವಯಂಸೇವಕರ ಗುಂಪೊಂದರಲ್ಲಿ ನಾನಿದ್ದೇನೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವವನಿಗೆ ಇದೇನು ಹುಚ್ಚು ಎಂದು ಮನೆಯಲ್ಲಿ ಕೇಳುವುದುಂಟು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಅಂಚಿನಲ್ಲಿ ಬೆಳೆದವನು ನಾನು. ಮರವಿಲ್ಲದ ನೆಲವನ್ನೆಲ್ಲ ‘ಸುಮ್ಮನೆ ಬಿದ್ದಿದೆ’ ಎನ್ನುವವರನ್ನು ಕಂಡರೆ ನನಗೆ ಆಗಿನಿಂದಲೂ ಆಗದು. ಇಲ್ಲಿಗೆ ಬಂದ ಹೊಸದರಲ್ಲಿ ಕಚೇರಿಯ ಗೆಳೆಯರೊಬ್ಬರು ಮೊಹಾವಿಯತ್ತ ಕೈ ತೋರಿಸಿ ಅದೇ ಮಾತನ್ನು ಆಡಿದ್ದರು. ಸಮುದ್ರ ದಾಟಿದರೂ ಈ ಮಾತು ಬೆನ್ನು ಬಿಡಲಿಲ್ಲವಲ್ಲ ಎನಿಸಿತ್ತು.

ಈಸ್ಟರ್ ಹಬ್ಬದ ಹಿಂದಿನ ಶನಿವಾರ, ಏಪ್ರಿಲ್ ತಿಂಗಳು. ಮರುಭೂಮಿಗೆ ಗಾಡಿಗಳು ಹಿಂಡುಹಿಂಡಾಗಿ ಬರುವ ವಾರಾಂತ್ಯಗಳಲ್ಲಿ ಇದೂ ಒಂದು, ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಇನ್ನೊಂದು. ನವೆಂಬರ್ ಹೊತ್ತಿಗೆ ಆಮೆಗಳು ಬಿಲ ಸೇರಿ ಮಲಗಿರುತ್ತವೆ. ಏಪ್ರಿಲ್‌ನಲ್ಲಿ ಚಳಿಗಾಲದ ಮಳೆಗೆ ಎದ್ದ ಎಳೆಯ ಹೂಗಿಡಗಳನ್ನು ಮೇಯಲು ಹೊರಗೆ ಬರುತ್ತವೆ. ಆಮೆಗೂ ಮನುಷ್ಯನಿಗೂ ರಜೆ ಒಂದೇ ಸಮಯಕ್ಕೆ ಬೀಳುವುದು ಅದರ ದುರದೃಷ್ಟ.

ನಾವು ಮೂವರಿದ್ದೆವು: ನಾನು, ಜೀವಶಾಸ್ತ್ರ ಓದುತ್ತಿರುವ ಒಬ್ಬ ವಿದ್ಯಾರ್ಥಿನಿ, ಮತ್ತು ಎಪ್ಪತ್ತು ದಾಟಿದ ನಮ್ಮ ಗುಂಪಿನ ಹಿರಿಯರು. ಈ ಹಿರಿಯರ ವಿಷಯ ಸ್ವಲ್ಪ ಹೇಳಲೇಬೇಕು. ಬಾರ್‌ಸ್ಟೋ ಊರಿನಿಂದ ಲಾಸ್ ವೇಗಸ್‌ಗೆ ಮರುಭೂಮಿಯನ್ನು ಸೀಳಿಕೊಂಡು ಒಂದು ಮೋಟಾರ್ ಸೈಕಲ್ ಓಟ ನಡೆಯುತ್ತಿತ್ತು. 1974ರಲ್ಲಿ ಸುಮಾರು ಮೂರು ಸಾವಿರ ಬೈಕುಗಳು ಅದರಲ್ಲಿ ಓಡಿದವು. ಆದ ಹಾನಿಯನ್ನು ಕಂಡು ಮುಂದಿನ ವರ್ಷದಿಂದ ಅನುಮತಿ ನಿಂತಿತು. 1983ರಲ್ಲಿ ಮತ್ತೆ ಶುರುವಾಗಿ, 1989ರ ನಂತರ ಓಟ ನಡೆಯಲಿಲ್ಲ. ಆ ಮೂರು ಸಾವಿರದಲ್ಲಿ ಇವರೂ ಒಬ್ಬರು. ಈಗ ಗಾಲಿ ಗುರುತು ಎಣಿಸುತ್ತಾರಲ್ಲ, ಆ ದಿನಕ್ಕಾಗಿ ಪಶ್ಚಾತ್ತಾಪ ಪಡುತ್ತಿರಬೇಕು ಎಂದುಕೊಂಡವರಿಗೆ ನಿರಾಸೆ ಕಾದಿದೆ. ‘ನನ್ನ ಜೀವನದ ಅತ್ಯುತ್ತಮ ದಿನಗಳಲ್ಲಿ ಅದೂ ಒಂದು. ಮುಂದಿದ್ದವನ ದೂಳಿನಲ್ಲಿ ನನ್ನ ಕೈ ನನಗೆ ಕಾಣುತ್ತಿರಲಿಲ್ಲ’ ಎನ್ನುತ್ತಾರೆ, ಕಣ್ಣರಳಿಸಿ. ಬೈಕು ಬಿಟ್ಟದ್ದು ಮಂಡಿನೋವಿಗೆ ಎಂದೂ ಸೇರಿಸುತ್ತಾರೆ.

ಬೆಳಕು ಹರಿಯುವ ಹೊತ್ತಿಗೆ ಟ್ರಕ್ಕನ್ನು ದಾರಿಯ ಅಂಚಿಗೆ ನಿಲ್ಲಿಸಿ ನಡೆಯಲು ತೊಡಗಿದೆವು. ಕೆಳಗೆ ಬಿಳಿಯಾಗಿ ಕೊಯೆನ್ ಒಣಕೆರೆ, ಪಶ್ಚಿಮಕ್ಕೆ ಟೆಹಾಚಪಿ ಬೆಟ್ಟದ ಗಾಳಿಯಂತ್ರಗಳು. ಕೆಲಸದಲ್ಲಿ ಸಾಹಸವೇನೂ ಇಲ್ಲ. ಮೂವರೂ ಒಬ್ಬರಿಂದೊಬ್ಬರು ಹತ್ತು ಮೀಟರ್ ಬಿಟ್ಟು ಸಾಲಾಗಿ ನಡೆಯುವುದು. ಅಡ್ಡ ಸಿಕ್ಕ ಪ್ರತಿ ಗುರುತಿನ ಪಕ್ಕ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯುವುದು. ಬೈಕೋ ನಾಲ್ಕು ಚಕ್ರದ್ದೋ, ಹೊಸದೋ ಹಳೆಯದೋ ಎಂದು ಬರೆದು ಜಿಪಿಎಸ್ ಅಂಕಿ ಸೇರಿಸುವುದು. ಹೊಸ ಗುರುತಿನ ಅಂಚು ಚೂಪಾಗಿರುತ್ತದೆ, ಒಳಗೆ ಟೈರಿನ ಗುಬುಟುಗಳ ಅಚ್ಚು ಸ್ಪಷ್ಟವಾಗಿರುತ್ತದೆ. ಒಂದೆರಡು ಸಲ ಗಾಳಿ ಬೀಸಿದ ಮೇಲೆ ಅಂಚು ಉದುರುತ್ತದೆ. ಗುರುತಿನ ಮೇಲೆ ಇರುವೆ ಗೂಡು ಕಟ್ಟಿದ್ದರೆ ಅಥವಾ ಹಲ್ಲಿಯ ಬಾಲ ಎಳೆದ ಗೆರೆ ಇದ್ದರೆ ಗಾಡಿ ಹೋಗಿ ಎಷ್ಟು ಹೊತ್ತಾಯಿತೆಂದು ಅಂದಾಜು ಸಿಗುತ್ತದೆ.

ಮೊದಲ ಗುಡ್ಡದ ಬುಡದಲ್ಲೇ ಒಂದು ಪಟ್ಟಿ ಬುಡಸಮೇತ ಕಿತ್ತು ಬಿದ್ದಿತ್ತು. ಗಾಡಿ ತಗುಲಿ ಮುರಿದದ್ದಲ್ಲ, ಯಾರೋ ಅಲುಗಾಡಿಸಿ ಎಳೆದದ್ದು. ಗುಂಡಿಯ ಬಾಯಿ ಅಗಲವಾಗಿತ್ತು. ಅಲ್ಲಿಂದ ಒಂದು ಬೈಕಿನ ಗುರುತು ನೇರವಾಗಿ ಗುಡ್ಡದ ನೆತ್ತಿಗೆ ಹತ್ತಿತ್ತು. ಆಮೇಲೆ ನೋಡಿದರೆ ಅದರ ಪಕ್ಕದಲ್ಲೇ ಇನ್ನೊಂದು, ಮತ್ತೊಂದು. ನೆತ್ತಿಯ ಹತ್ತಿರ ಎಲ್ಲ ಕೂಡಿಕೊಂಡು ಒಂದೇ ಬಿಳಿಯ ಪಟ್ಟೆ. ಗುಡ್ಡ ಹತ್ತುವ ಚಟದವರಿಗೆ ಕಡಿದಾದ ಇಳಿಜಾರು ಕಂಡರೆ ಕೈ ಸುಮ್ಮನಿರುವುದಿಲ್ಲ. ನನಗೆ ಅವರಿಗಿಂತ ಸಿಟ್ಟು ಬರುವುದು ಆ ಮೊದಲನೆಯವನ ಮೇಲೆ. ಪಟ್ಟಿ ಕಿತ್ತವನು ಒಬ್ಬನೇ ಇರಬಹುದು. ಅವನ ಹಿಂದೆ ಬಂದವರಲ್ಲಿ ಹೆಚ್ಚಿನವರಿಗೆ ಅಲ್ಲಿ ಪಟ್ಟಿ ಇತ್ತೆಂಬುದೇ ಗೊತ್ತಿರುವುದಿಲ್ಲ. ನೆಲದ ಮೇಲೆ ಗುರುತು ಕಂಡಿದೆ, ಹೋಗಿದ್ದಾರೆ. ಮೊಹಾವಿಯ ಅನಧಿಕೃತ ದಾರಿಗಳು ಬಹುಪಾಲು ಹುಟ್ಟಿದ್ದು ಹೀಗೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಂಡಿಯೂರಿ ಕುಳಿತು ಆ ಗುರುತಿನ ಅಂಚನ್ನು ನೋಡಿದೆ. ಗಾಲಿ ತಾಗದ ಕಡೆ ನೆಲದ ಮೇಲೆ ಕಪ್ಪುಗಂದು ಬಣ್ಣದ ಒಂದು ತೆಳು ಹಕ್ಕಳೆ ಇತ್ತು, ಅಲ್ಲಲ್ಲಿ ಉಬ್ಬಿಕೊಂಡು. ಇದು ಬರಿಯ ಒಣಮಣ್ಣಲ್ಲ, ಜೀವ ಇರುವಂಥದ್ದು. ಸಯನೋಬ್ಯಾಕ್ಟೀರಿಯಾಗಳು ಕಣ್ಣಿಗೆ ಕಾಣದ ನೂಲಿನಂಥ ಎಳೆಗಳಲ್ಲಿ ಮರಳಿನ ಕಣಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುತ್ತವೆ. ಜೊತೆಗೆ ಕಲ್ಲುಹೂವು, ಹಾವಸೆ. ಗಾಳಿಗೆ ಮಣ್ಣು ಹಾರದಂತೆ ತಡೆಯುವುದು, ಗಾಳಿಯ ಸಾರಜನಕವನ್ನು ನೆಲಕ್ಕೆ ಕೂಡಿಸುವುದು ಇವುಗಳ ಕೆಲಸ. ಅಂಚಿನಿಂದ ಎದ್ದ ಒಂದು ಚೂರನ್ನು ಬೆರಳ ತುದಿಯಲ್ಲಿ ಎತ್ತಿದಾಗ ಅಡಿಯಲ್ಲಿ ಮರಳಿನ ಕಾಳುಗಳು ಎಳೆಗೆ ಅಂಟಿ ತೂಗಾಡುತ್ತಿದ್ದವು. ಗಾಲಿ ಹರಿದ ಕಡೆ ಹಕ್ಕಳೆ ಪುಡಿಯಾಗಿ ಬಿಳಿಯ ಹಿಟ್ಟಷ್ಟೇ ಉಳಿದಿತ್ತು. ಅದು ಮತ್ತೆ ಕೂಡಲು ದಶಕಗಳು ಬೇಕು, ಕಲ್ಲುಹೂವು ಮರಳಲು ಇನ್ನೂ ಹೆಚ್ಚು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಜನರಲ್ ಪ್ಯಾಟನ್ ತನ್ನ ಸೈನ್ಯಕ್ಕೆ ಇಲ್ಲಿಂದ ಆಗ್ನೇಯಕ್ಕಿರುವ ಮರುಭೂಮಿಯಲ್ಲಿ ತರಬೇತಿ ಶುರುಮಾಡಿದ. ಆ ಟ್ಯಾಂಕುಗಳ ಜಾಡು ಅಲ್ಲಿ ಇವತ್ತಿಗೂ ಕಾಣುತ್ತದೆ.

ಕಾನೂನು ಇಲ್ಲ ಎಂದಲ್ಲ. ಮಣ್ಣು, ಗಿಡ, ವನ್ಯಜೀವಿಗಳಿಗೆ ಆದಷ್ಟು ಕಡಿಮೆ ಹಾನಿಯಾಗುವಂತೆ ಇಂಥ ಗಾಡಿಗಳ ದಾರಿಗಳನ್ನು ಗೊತ್ತುಮಾಡಬೇಕೆಂದು ಅಧ್ಯಕ್ಷ ನಿಕ್ಸನ್ 1972ರಲ್ಲೇ ಆದೇಶ ಹೊರಡಿಸಿದ್ದರು. ಹಾನಿ ಹೆಚ್ಚಾದ ಕಡೆ ಕೂಡಲೇ ಮುಚ್ಚಬೇಕೆಂದು 1977ರಲ್ಲಿ ಕಾರ್ಟರ್ ಅದನ್ನು ಬಿಗಿಗೊಳಿಸಿದರು. ಆದರೆ ಹಾನಿ ಹೆಚ್ಚಾಯಿತೆಂದು ತೋರಿಸಲು ಹಿಂದೆ ಹೇಗಿತ್ತು ಎಂಬ ದಾಖಲೆ ಬೇಕಲ್ಲ? ನಮ್ಮಂಥವರ ಬೇಸರದ ಕೆಲಸಕ್ಕೆ ಬೆಲೆ ಬರುವುದು ಅಲ್ಲಿ.

ಗುಡ್ಡದ ಆಚೆಯ ಒಣಹಳ್ಳದ ದಡದಲ್ಲಿ ವಿದ್ಯಾರ್ಥಿನಿ ಕೈಯೆತ್ತಿ ನಿಲ್ಲಿಸಿದಳು. ಕ್ರಿಯೊಸೋಟ್ ಪೊದೆಯ ಬುಡದಲ್ಲಿ ಬಿಲ. ತಳ ಚಪ್ಪಟೆ, ಮೇಲೆ ಕಮಾನು: ಅರ್ಧಚಂದ್ರದ ಆಕಾರ ಇದ್ದರೆ ಆಮೆಯದೇ ಎನ್ನಬಹುದು. ಆಕೆ ಇದಕ್ಕೆಂದೇ ತರಬೇತಿ ಪಡೆದವಳು. ಜೇಬಿನಿಂದ ಪುಟ್ಟ ಕನ್ನಡಿ ತೆಗೆದು ಬಿಸಿಲನ್ನು ಒಳಕ್ಕೆ ಹಾಯಿಸಿದಳು. ಆಮೆ ಒಳಗಿರಲಿಲ್ಲ, ಆದರೆ ಬಾಗಿಲಲ್ಲಿ ಜೇಡರ ಬಲೆಯೂ ಇರಲಿಲ್ಲ. ಎಂದರೆ ಓಡಾಟ ಇದೆ. ಬಿಲದಿಂದ ಒಂದು ಮಾರು ದೂರದಲ್ಲಿ ಬಗ್ಗಿಯ ಗಾಲಿ ಹಾದುಹೋಗಿತ್ತು. ಹಳ್ಳಗಳಲ್ಲಿ ಗಾಡಿ ಓಡಿಸುವುದು ಸುಲಭ, ಮರಳು ನುಣುಪು. ಆಮೆಗೂ ಹಳ್ಳದ ದಡವೇ ಇಷ್ಟ.

ಮೊಹಾವಿಯ ಈ ಆಮೆ ಕ್ಯಾಲಿಫೋರ್ನಿಯಾದ ರಾಜ್ಯ ಸರೀಸೃಪ. ಒಕ್ಕೂಟ ಸರ್ಕಾರ ಇದನ್ನು 1990ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹಾಗಿದ್ದೂ ಪಶ್ಚಿಮ ಮೊಹಾವಿಯಲ್ಲಿ 2004ರಿಂದ 2014ರೊಳಗೆ ಬೆಳೆದ ಆಮೆಗಳ ಸಾಂದ್ರತೆ ಸುಮಾರು ಅರ್ಧಕ್ಕೆ ಇಳಿಯಿತು. ಎಲ್ಲವನ್ನೂ ಗಾಡಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಶ್ವಾಸದ ರೋಗ ಇದೆ, ಬರ ಇದೆ, ಊರುಗಳು ಬೆಳೆದಿವೆ. ರೇವನ್ ಎಂಬ ದೊಡ್ಡ ಕಾಗೆಯೂ ಇದೆ. ಮಧ್ಯಾಹ್ನದ ಹೊತ್ತಿಗೆ ವಿದ್ಯುತ್ ಕಂಬವೊಂದರ ಕೆಳಗೆ ಅದರ ಕೆಲಸ ಕಂಡೆವು. ಕಂಬದ ಮೇಲೆ ಗೂಡು. ಬುಡದಲ್ಲಿ ನಿಂಬೆಹಣ್ಣಿನಷ್ಟೇ ದೊಡ್ಡದಾದ ಆಮೆಮರಿಯ ಚಿಪ್ಪುಗಳು, ಪ್ರತಿಯೊಂದರ ಬೆನ್ನಿನಲ್ಲೂ ಕೊಕ್ಕಿನಿಂದ ಕುಕ್ಕಿದ ತೂತು. ಆಮೆಯ ಚಿಪ್ಪು ಗಟ್ಟಿಯಾಗಲು ಐದಾರು ವರ್ಷ ಬೇಕು, ಅಲ್ಲಿಯವರೆಗೆ ಉಗುರಿನಿಂದ ಒತ್ತಿದರೂ ಬಗ್ಗುತ್ತದೆ. ಹಿಂದೆ ಈ ಒಣನೆಲದಲ್ಲಿ ರೇವನ್‌ಗಳು ವಿರಳವಾಗಿದ್ದವು. ಕಸದ ಗುಡ್ಡೆ, ಸೋರುವ ನಲ್ಲಿ, ಕಂಬಗಳು ಅವುಗಳಿಗೆ ಅನ್ನ, ನೀರು, ಮನೆ ಕೊಟ್ಟವು. ರಜೆಯ ಶಿಬಿರಗಳಲ್ಲಿ ಬಿಟ್ಟುಹೋದ ಬ್ರೆಡ್ಡು, ಮಾಂಸದ ಚೂರುಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ. ದಾರಿ ಬಿಟ್ಟು ಒಂದು ಅಡಿಯೂ ಇಳಿಯದ ಗಾಡಿಯವನು ಕೂಡ ಕಸ ಬಿಟ್ಟರೆ ಮರಿಯನ್ನು ಕೊಂದಂತೆಯೇ. ನಮ್ಮ ನಮೂನೆಯಲ್ಲಿ ಗಾಲಿಗೆ ಹತ್ತಾರು ಕಲಮುಗಳಿವೆ, ಕಸಕ್ಕೆ ಒಂದೇ. ಇದು ನನಗೆ ಸರಿಕಾಣುವುದಿಲ್ಲ.

ಟ್ರಕ್ಕಿಗೆ ಮರಳಿದಾಗ ಬಿಸಿಲು ಏರಿತ್ತು. ಮರುಭೂಮಿಯಲ್ಲಿ ಗಾಡಿ ಹೊರಡಿಸುವ ಮೊದಲು ಬಾಗಿ ಅದರ ಅಡಿಯಲ್ಲಿ ನೋಡುವುದು ಇಲ್ಲಿಯ ನಿಯಮ. ಬಗ್ಗಿದ ಹಿರಿಯರು ಎದ್ದು, ‘ಊಟ ಮಾಡೋಣ, ಅವಸರವಿಲ್ಲ’ ಎಂದರು. ಹಿಂದಿನ ಗಾಲಿಯ ನೆರಳಿನಲ್ಲಿ ಒಂದು ದೊಡ್ಡ ಆಮೆ ಕುಳಿತಿತ್ತು. ಅದನ್ನು ಎತ್ತುವುದಿರಲಿ, ಮುಟ್ಟುವುದೂ ಅಪರಾಧ. ಅದಕ್ಕೆ ಗಟ್ಟಿ ಕಾರಣವೂ ಇದೆ: ಮುಂದಿನ ಮಳೆಯವರೆಗೆ ಬೇಕಾಗುವ ನೀರನ್ನು ಅದು ಮೂತ್ರಕೋಶದಲ್ಲಿ ಕೂಡಿಟ್ಟಿರುತ್ತದೆ. ಹೆದರಿದರೆ ಅಷ್ಟನ್ನೂ ಚೆಲ್ಲಿಬಿಡುತ್ತದೆ, ಆಮೇಲೆ ಬೇಸಿಗೆಯಲ್ಲಿ ಬಾಯಾರಿ ಸಾಯಬಹುದು.

ನಾವು ಚಪಾತಿ ಸುರುಳಿ ತಿನ್ನುತ್ತ ಕಾಯುತ್ತಿರುವಾಗ ಎರಡು ಬೈಕುಗಳು ಬಂದು ನಿಂತವು. ತಂದೆ, ಹತ್ತು ಹನ್ನೊಂದರ ಮಗಳು. ನಮ್ಮ ಕೈಯ ಕಾಗದಪತ್ರ ನೋಡಿದ್ದೇ ತಂದೆಯ ಮುಖ ಬಿಗಿಯಿತು. ‘ಇದನ್ನೂ ಮುಚ್ಚಲು ಬಂದಿದ್ದೀರೋ?’

ನಾನು ಬಾಯಿ ತೆರೆಯುವ ಮೊದಲೇ ಹಿರಿಯರು ಆತನ ಬೈಕಿನ ಸೈಲೆನ್ಸರ್ ಕಡೆ ಬೆರಳು ತೋರಿಸಿ ಏನೋ ಕೇಳಿದರು. ಮುಂದಿನ ಹತ್ತು ನಿಮಿಷ ಅವರಿಬ್ಬರೂ ಎರಡು ಸ್ಟ್ರೋಕಿನ ಎಂಜಿನ್, ಕಾರ್ಬ್ಯುರೇಟರ್, ಹಳೆಯ ಓಟಗಳ ಬಗ್ಗೆ ಮಾತಾಡಿದರು. ನನಗೆ ಅರ್ಧ ಅರ್ಥವಾಗಲಿಲ್ಲ. ಮಗಳು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಆಮೆಯನ್ನು ನೋಡುತ್ತಿದ್ದಳು. ಎತ್ತಿ ಆಚೆ ಇಡಬಾರದೇಕೆ ಎಂದು ಕೇಳಿದಳು, ನೀರಿನ ವಿಷಯ ಹೇಳಿದೆವು. ‘ಅದು ಮೂತ್ರ ಮಾಡಿದರೆ ಸಾಯುತ್ತದೆಯಂತೆ ಅಪ್ಪಾ’ ಎಂದು ಕೂಗಿ ತಂದೆಗೆ ವರದಿ ಒಪ್ಪಿಸಿದಳು.

ಯಾವ ಕಡೆಯಿಂದ ಬಂದಿರಿ ಎಂದು ಕೇಳಿದಾಗ ಆತ ನಾವು ಬೆಳಿಗ್ಗೆ ನೋಡಿದ ಗುಡ್ಡವನ್ನೇ ತೋರಿಸಿದ. ಅದು ದಾರಿಯಲ್ಲ ಎಂದೆ. ‘ದಾರಿಯಲ್ಲದಿದ್ದರೆ ಅಷ್ಟೊಂದು ಗುರುತುಗಳು ಹೇಗೆ ಬಂದವು? ಅಲ್ಲಿ ಫಲಕವೂ ಇರಲಿಲ್ಲ’ ಎಂದ. ಸುಳ್ಳು ಹೇಳುತ್ತಿದ್ದಾನೆ ಎನಿಸಲಿಲ್ಲ. ಪಟ್ಟಿ ಕಿತ್ತು ಬಿದ್ದಿದ್ದ ಚಿತ್ರವನ್ನು ಕ್ಯಾಮೆರಾದಲ್ಲಿ ತೋರಿಸಿದೆ. ಆತ ಬಹಳ ಹೊತ್ತು ನೋಡಿ, ಕಿತ್ತವನನ್ನು ಕುರಿತು ಇಲ್ಲಿ ಬರೆಯಲಾಗದ ಒಂದು ಮಾತು ಹೇಳಿದ. ಇಂಥವರಿಂದಲೇ ನಮಗೆ ಇರುವ ದಾರಿಗಳೂ ಹೋಗುತ್ತವೆ ಎಂಬುದು ಆತನ ಸಿಟ್ಟು. ನನ್ನ ಸಿಟ್ಟಿನ ಕಾರಣ ಬೇರೆ, ಆದರೆ ಗುರಿ ಅದೇ ಮನುಷ್ಯ. ಹೋಗುವಾಗ ಇಬ್ಬರೂ ಗುರುತು ಮಾಡಿದ ದಾರಿಯಲ್ಲೇ ಹೋದರು. ಕಣ್ಣಿಗೆ ಮರೆಯಾದ ಮೇಲಿನದಕ್ಕೆ ನಾನು ಹೊಣೆಯಲ್ಲ.

ಆಮೆ ಹೊರಟದ್ದು ಅವರು ಹೋದ ಎಷ್ಟೋ ಹೊತ್ತಿನ ಮೇಲೆ. ಅಷ್ಟರಲ್ಲಿ ನಮೂನೆ ತುಂಬುತ್ತ ನಮ್ಮಲ್ಲಿ ಸಣ್ಣ ಜಗಳವಾಯಿತು. ಷರಾ ಕಲಮಿನಲ್ಲಿ ‘ಉದ್ದೇಶಪೂರ್ವಕ’ ಎಂದು ಬರೆಯಬೇಕೆಂದು ವಿದ್ಯಾರ್ಥಿನಿ. ಕಿತ್ತದ್ದನ್ನು ನಾವು ಕಂಡಿಲ್ಲ, ಗುಂಡಿಯ ಅಗಲ, ಗುರುತುಗಳ ಸಂಖ್ಯೆ, ಇಳಿಜಾರಿನ ಉದ್ದ ಬರೆದರೆ ಸಾಕು, ಓದುವವರಿಗೆ ತಿಳಿಯುತ್ತದೆ ಎಂದು ಹಿರಿಯರು. ನಾನು ಹಿರಿಯರ ಪಕ್ಷ ವಹಿಸಿದೆ. ನ್ಯಾಯಾಲಯದಲ್ಲಿ ನಿಲ್ಲಬೇಕಾದ ಕಾಗದದಲ್ಲಿ ನಮ್ಮ ಸಿಟ್ಟಿಗೆ ಜಾಗವಿಲ್ಲ.

ಆ ಪಟ್ಟಿಯನ್ನು ಮತ್ತೆ ನೆಡುವ ಅಧಿಕಾರ ನಮಗಿಲ್ಲ, ರೇಂಜರ್‌ಗೆ ಸ್ಥಳ ತಿಳಿಸಿದ್ದೇವೆ. ಗುಡ್ಡದ ಮೇಲಿನ ಬಿಳಿಯ ಪಟ್ಟೆಯನ್ನು ಮರೆಮಾಡುವ ಕೆಲಸ ಮಾತ್ರ ಚಳಿಗಾಲಕ್ಕೆ ಹೋಯಿತು. ಆಮೆಗಳು ಓಡಾಡುವ ಕಾಲದಲ್ಲಿ ಅಗೆಯುವಂತಿಲ್ಲ. ಗುರುತುಗಳನ್ನು ಕುಂಟೆಯಿಂದ ಕೆದಕಿ ಅಳಿಸಿ, ಗುಂಡಿ ತೋಡಿ, ಒಣಗಿದ ಪೊದೆಯ ಕೊಂಬೆಗಳನ್ನು ಗಿಡವೇ ನಿಂತಿದೆ ಎನ್ನುವಂತೆ ನೆಟ್ಟರೆ, ಕೆಳಗಿನಿಂದ ನೋಡುವವನಿಗೆ ಅಲ್ಲಿ ಯಾರೂ ಹೋಗಿಲ್ಲ ಎನಿಸುತ್ತದೆ. ಕೊಂಬೆಯ ನೆರಳಿನಲ್ಲಿ ಬೀಜ ನಿಲ್ಲುತ್ತದೆ, ತೇವವೂ ಸ್ವಲ್ಪ ಉಳಿಯುತ್ತದೆ. ಅಲ್ಲಿಯ ನೆಲದಲ್ಲಿ ಗುಂಡಿ ತೋಡುವುದೆಂದರೆ ಸುಣ್ಣಗಲ್ಲು ಒಡೆದ ಹಾಗೆ. ಗುದ್ದಲಿ ಹಿಡಿಯಲು ಬರುವವರು ಎಷ್ಟು ಜನ ಎಂದು ಹಿರಿಯರು ಪಟ್ಟಿ ಮಾಡಿದಾಗ ಚಳ್ಳಕೆರೆಯವನ ಹೆಸರು ಮೊದಲು ಬಂತು. ನವೆಂಬರ್‌ಗೆ ಇನ್ನೂ ಏಳು ತಿಂಗಳಿದೆ, ಅಷ್ಟರಲ್ಲಿ ಆ ಪಟ್ಟೆ ಎಷ್ಟು ಅಗಲವಾಗುತ್ತದೆಂದು ಪ್ರತಿ ಭೇಟಿಯಲ್ಲೂ ಅಳೆದಿಡಬೇಕು.