ಹಳದಿಯ ಮೇಲೆ ಕೆಂಪು

ಕೆಲವು ವರ್ಷಗಳ ಹಿಂದೆ, ರಾಜ್ಯೋತ್ಸವದ ಉತ್ಸಾಹದಲ್ಲಿ ನನ್ನ ಬ್ಲಾಗಿನ ಹಿನ್ನೆಲೆಯನ್ನು ಅಚ್ಚ ಹಳದಿಗೂ ಅಕ್ಷರಗಳನ್ನು ಅಚ್ಚ ಕೆಂಪಿಗೂ ಬದಲಾಯಿಸಿದ್ದೆ. ಜಗಲಿಯ ಬಿಸಿಲಿನಲ್ಲಿ ಮೊಬೈಲ್ ಹಿಡಿದು ಓದಲು ಕುಳಿತ ನನ್ನ ತಾಯಿ ಎರಡು ಸಾಲು ಮುಗಿಸುವಷ್ಟರಲ್ಲಿ ಕಣ್ಣುಜ್ಜಿಕೊಂಡು ಫೋನನ್ನು ಕೆಳಗಿಟ್ಟರು. ಬಾವುಟದಲ್ಲಿ ಈ ಬಣ್ಣಗಳು ಅಗಲವಾದ ಎರಡು ಪಟ್ಟೆಗಳಾಗಿ ಕಂಗೊಳಿಸುತ್ತವೆ. ನಾನು ಅವುಗಳಿಂದ ಸಣ್ಣ ಅಕ್ಷರಗಳ ಕೆಲಸ ಮಾಡಿಸಲು ಹೊರಟಿದ್ದೆ.

ವೆಬ್ ತಾಣಗಳು ಎಲ್ಲರಿಗೂ ಎಟುಕುವಂತಿರಬೇಕೆಂದು ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇದಕ್ಕೊಂದು ಅಳತೆಗೋಲಿದೆ. ಅಕ್ಷರ ಮತ್ತು ಹಿನ್ನೆಲೆಗಳ ಹೊಳಪಿನ ಅನುಪಾತವನ್ನು 1ರಿಂದ 21ರವರೆಗೆ ಅಳೆಯಲಾಗುತ್ತದೆ. ಬಿಳಿಯ ಮೇಲೆ ಕಪ್ಪು 21. ಸಾಮಾನ್ಯ ಗಾತ್ರದ ಬರಹಕ್ಕೆ ಕನಿಷ್ಠ 4.5, ದೊಡ್ಡ ಶೀರ್ಷಿಕೆಗಳಿಗೆ 3 ಇರಬೇಕು. ನನ್ನ ಹಳದಿ-ಕೆಂಪು ಜೋಡಿಯ ಅನುಪಾತ ಸುಮಾರು 3.7 ಮಾತ್ರ.

ಅಷ್ಟು ಕಣ್ಣಿಗೆ ಹೊಡೆಯುವ ಬಣ್ಣಗಳಿಗೆ ಇಷ್ಟು ಕಡಿಮೆ ಅಂಕವೇಕೆಂದು ಮೊದಲು ನನಗೂ ಅಚ್ಚರಿಯಾಯಿತು. ಬಣ್ಣದ ಗಾಢತೆ ಬೇರೆ, ಹೊಳಪು ಬೇರೆ. ಪರದೆಯ ಹೊಳಪಿನ ಲೆಕ್ಕದಲ್ಲಿ ನೂರರಲ್ಲಿ ಹಸಿರಿಗೆ ಸುಮಾರು 72 ಪಾಲು, ಕೆಂಪಿಗೆ 21, ನೀಲಿಗೆ ಕೇವಲ 7. ಹೊಳಪು ಕಡಿಮೆಯಾದಷ್ಟೂ ಬಿಳಿಯೊಡನೆ ಅಂತರ ಹೆಚ್ಚು. ಆದ್ದರಿಂದಲೇ ಬಿಳಿಯ ಮೇಲೆ ಅಚ್ಚ ನೀಲಿ 8.6ರಷ್ಟು ಅಂಕ ಪಡೆದರೆ ಅಚ್ಚ ಕೆಂಪು 4ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕೆಂಪು ಮತ್ತು ಹಸಿರು ಬೆಳಕು ಬೆರೆತು ಹುಟ್ಟುವ ಹಳದಿಯಂತೂ ಬಿಳಿಯ ಪಕ್ಕದಲ್ಲಿ ಇದ್ದೂ ಇಲ್ಲದಂತಿರುತ್ತದೆ.

ಈಚೆಗೆ ನನ್ನನ್ನು ಹೆಚ್ಚು ಕಾಡುವುದು ಬೂದುಬಣ್ಣದ ಅಕ್ಷರಗಳ ಶೋಕಿ. ವೆಬ್ ಪುಟದಲ್ಲಿ ಪ್ರತಿ ಬಣ್ಣವನ್ನೂ ಆರು ಚಿಹ್ನೆಗಳ ಸಂಕೇತದಿಂದ ಸೂಚಿಸುತ್ತಾರೆ. ಬಿಳಿಯ ಮೇಲೆ 777777 ಸಂಕೇತದ ಬೂದು 4.48 ಅಂಕ ಪಡೆದು ಕೂದಲೆಳೆಯಲ್ಲಿ ಸೋಲುತ್ತದೆ, ಅದಕ್ಕಿಂತ ಒಂದೆಳೆ ಕಪ್ಪಾದ 767676 ಗೆಲ್ಲುತ್ತದೆ. ಆದರೆ ಕನ್ನಡಕ್ಕೆ ಈ ಗೆಲುವು ಸಾಲದೆಂಬುದು ನನ್ನ ಅನುಭವ. ನಮ್ಮ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ಗೆರೆಗಳು ತೆಳು, ಮತ್ತು ತೆಳು ಗೆರೆಯ ಅಂಚನ್ನು ಪರದೆಯು ಹಿನ್ನೆಲೆಯೊಂದಿಗೆ ಬೆರೆಸಿ ನಯಗೊಳಿಸುವಾಗ ನಾವು ಆರಿಸಿದ ಬಣ್ಣ ಇನ್ನಷ್ಟು ಮಸುಕಾಗುತ್ತದೆ. ಒತ್ತು ಮಾಯವಾದರೆ ‘ಕತ್ತೆ’ ‘ಕತೆ’ಯಾಗುತ್ತದೆ. (ಕೆಲವು ಕತೆಗಳಿಗೆ ಅದರಿಂದ ನಷ್ಟವೇನೂ ಇಲ್ಲ.) ಆದ್ದರಿಂದ ಅದೇ ಮಾರ್ಗಸೂಚಿಯ ಮೇಲ್ದರ್ಜೆಯ ಮಿತಿಯಾದ 7ನ್ನೇ ಕನ್ನಡದ ಕನಿಷ್ಠವೆಂದು ನಾನು ಹಿಡಿದಿದ್ದೇನೆ.

ಕೆಂಪು-ಹಸಿರುಗಳನ್ನು ಬೇರ್ಪಡಿಸಿ ಗುರುತಿಸಲಾಗದ ಓದುಗರೂ ಇರುವುದರಿಂದ ಕೊಂಡಿಗಳಿಗೆ ಬಣ್ಣದ ಜೊತೆಗೆ ಅಡಿಗೆರೆಯನ್ನೂ ಉಳಿಸಿದ್ದೇನೆ. ಹಳದಿಯನ್ನು ಪೂರ್ತಿ ಬಿಡಲು ಮನಸ್ಸಾಗಲಿಲ್ಲ. ಪುಟದ ನೆತ್ತಿಯಲ್ಲಿ ಅದೀಗ ಒಂದು ಪಟ್ಟಿಯಾಗಿದೆ. ಅದರ ಮೇಲೆ ಬ್ಲಾಗಿನ ಹೆಸರು 990000 ಸಂಕೇತದ ಕಡುಗೆಂಪಿನಲ್ಲಿದ್ದು, ಈ ಜೋಡಿಯ ಅನುಪಾತ 8.3ರಷ್ಟಾಗುತ್ತದೆ. ಕುಂಕುಮಕ್ಕಿಂತ ತುಸು ಕಪ್ಪಾಯಿತೆಂದು ತಾಯಿ ಹೇಳಿದರು, ಆದರೆ ಬರಹವನ್ನು ಕೊನೆಯವರೆಗೂ ಓದಿಯೇ ಹೇಳಿದರು.