ಎಡಗಾಲಿನ ಸ್ಕಿನ್, ಬಾಲದ ಒಂದೂವರೆ ಗೇಣು

ಗುಲ್ಮಾರ್ಗ್‌ನಲ್ಲಿ ರಾತ್ರಿಯಿಡೀ ಹಿಮ ಸುರಿದಿತ್ತು. ಬೆಳಿಗ್ಗೆ ಮೊಣಕಾಲವರೆಗೆ ಹೊಸ ಪುಡಿ ಹಿಮ (ಪೌಡರ್), ಮೈನಸ್ 12 ಡಿಗ್ರಿ, ನಾವು ಆರು ಜನ, ಜೊತೆಗೊಬ್ಬ ಗೈಡ್. ಇಂಥ ಒಂದು ದಿನಕ್ಕೇ ಅಲ್ವಾ ವರ್ಷವಿಡೀ ಕಾಯೋದು? ಬೆಟ್ಟ ಹತ್ತುವಾಗ ಹಿಂದಕ್ಕೆ ಜಾರದಿರಲಿ ಅಂತ ಸ್ಕೀ ತಳಕ್ಕೆ ಅಂಟಿಸುವ ಪಟ್ಟಿಗೆ ಸ್ಕಿನ್ ಅಂತಾರೆ. ಆ ದಿನ ಮೂರನೇ ಕಿಕ್ ಟರ್ನ್‌ನಲ್ಲೇ (ಸ್ಕೀ ಎತ್ತಿ ದಿಕ್ಕು ತಿರುಗಿಸೋದು) ನನ್ನ ಎಡಗಾಲಿನ ಸ್ಕಿನ್ ಕಳಚಿ, ಸತ್ತ ಹಾವಿನ ಹಾಗೆ ಹಿಂದೆ ತೆವಳಿಕೊಂಡು ಬರುತ್ತಿತ್ತು.

ನಾನೇ ಮನೆಯಲ್ಲಿ ಹೊಸ ಅಂಟು ಹಾಕಿದ ಜೋಡಿ ಅದು. ಬೇಸಿಗೆಯಲ್ಲಿ ಅದನ್ನು ಅಟ್ಟದ ಮೇಲೆ ಎಸೆದಿದ್ದೆ. ಮೇಲೆ ಕಾದ ತಾರಸಿ, ಕೆಳಗೆ ಸ್ಕಿನ್. ದೀಪಾವಳಿ ಹೊತ್ತಿಗೆ ತೆಗೆದರೆ ಹಳೆ ಅಂಟು ಬೆಲ್ಲದ ಪಾಕ ಆಗಿತ್ತು. ಹೊರದೇಶದಿಂದ ಹೊಸ ಟ್ಯೂಬ್ ತರಿಸಿದೆ. ಮೂರು ವಾರ ಕಾಯಿಸಿ ಬಂದ ಪಾರ್ಸೆಲ್‌ನಲ್ಲಿ ಟ್ಯೂಬ್ ಒಡೆದು, ಅರ್ಧ ಅಂಟು ಡಬ್ಬಿಗೆ ಮೆತ್ತಿಕೊಂಡಿತ್ತು. ಅಂಗಡಿಯವರಿಗೆ ಫೋಟೋ ಕಳಿಸಿದರೆ, "ಡಬ್ಬಿ ಹೊರಗಿನಿಂದ ಚೆನ್ನಾಗೇ ಇದೆಯಲ್ಲ" ಅಂತ ಉತ್ತರ. ಇನ್ನೇನು ಹೇಳೋದು. ಬಲಗಾಲಿನದಕ್ಕೆ ಎರಡು ಕೋಟ್, ಎಡಗಾಲಿನದಕ್ಕೆ ಒಂದೇ, ಅದೂ ಬಾಲದ (ಹಿಂತುದಿಯ) ಕಡೆ ಸವರಿದ ಹಾಗೆ ಮಾಡಿ ಮುಗಿಸಿದ್ದೆ.

ಹಾಗಾಗಿ ಸ್ಕಿನ್ ಕಳಚಿದ ಕೂಡಲೇ ನಾನು ಬೈದದ್ದು ಆ ಅಂಗಡಿಯನ್ನೇ.

ಗೊಂಡೋಲಾದ, ಅಂದರೆ ಕೇಬಲ್ ಕಾರಿನ, ಎರಡನೇ ಹಂತ ಬಂದ್ ಆಗಿತ್ತು. ದೊಡ್ಡ ಹಿಮ ಬಿದ್ದ ಮರುದಿನ, ಹಿಮಕುಸಿತದ ಭಯ ಇರುವಾಗ, ಅಫರ್ವತ್ ಬೆಟ್ಟದ 3,950 ಮೀಟರ್ ಹತ್ತಿರದ ಆ ಇಳಿಜಾರುಗಳಿಗೆ ಯಾರು ಬಿಡುತ್ತಾರೆ? 30 ಡಿಗ್ರಿಗಿಂತ ಕಡಿದಾದ ಬಯಲಿಗೆ ಕಾಲಿಡೋದೇ ಬೇಡ ಅಂತ ಗೈಡ್ ಮೊದಲೇ ಹೇಳಿದ್ದರು. ಹಿಮದಡಿ ಸಿಕ್ಕವರನ್ನು ಹುಡುಕಲು ಸಿಗ್ನಲ್ ಕೊಡುವ ಬೀಕನ್ ಸರಿ ಇದೆಯಾ ನೋಡಿಕೊಂಡು ಮಂಕಿ ಹಿಲ್‌ನ ಕಾಡಿಗೆ ಹೊರಟೆವು. ಸರದಿಯಲ್ಲಿ ಒಬ್ಬೊಬ್ಬರೇ ಮುಂದೆ ಹೋಗಿ ದಾರಿ ಮಾಡುತ್ತಿದ್ದೆವು. ನನ್ನ ಸರದಿ ಬಂದಾಗಲೇ ಈ ಅವಾಂತರ.

ಬಾಲ ಒಂದು ಸಲ ಎದ್ದರೆ ಮುಗಿಯಿತು. ಒಳಗೆ ಪೌಡರ್ ನುಗ್ಗುತ್ತದೆ, ಅಂಟಿನ ಮೇಲೆ ಮಂಜು ಕೂರುತ್ತದೆ, ಮತ್ತೆ ಒತ್ತಿದರೆ ಹಿಡಿಯೋದಿಲ್ಲ. ಸ್ಕ್ರೇಪರ್‌ನಿಂದ ಕೆರೆದೆ. ಜಾಕೆಟ್ ಒಳಗೆ ಹೊಟ್ಟೆಗೆ ಒತ್ತಿಕೊಂಡು ನಿಂತೆ. ಐದು ನಿಮಿಷ ಹಿಡಿಯಿತು, ಮತ್ತೆ ಹೋಯಿತು. ಆರು ಜನರ ಗುಂಪಿನಲ್ಲಿ ಒಬ್ಬನ ಸ್ಕಿನ್ ಹೋದರೆ ಎಲ್ಲರೂ ನಿಂತು ನಡುಗಬೇಕು.

"ಏನ್ರೀ, ಅಂಟು ಬೆಂಗಳೂರಾಗ ಬಿಟ್ಟು ಬಂದೀರೇನು?" ಅಂದಳು ಧಾರವಾಡದವಳು.

"ಅನ್ನದ ಗಂಜಿ ಹಚ್ಚಿದ್ರೂ ಇದಕ್ಕಿಂತ ಚೆನ್ನಾಗಿ ಹಿಡ್ಕೊಳ್ತಿತ್ತು ಕಣೋ," ಅಂದ ಹಾಸನದ ಗೆಳೆಯ.

ಕೊನೆಗೆ ಎರಡು ರಬ್ಬರ್ ಸ್ಟ್ರಾಪ್ ಬಿಗಿದು ಹತ್ತಿದೆ. ಪ್ರತಿ ಹೆಜ್ಜೆಗೂ ಸ್ಟ್ರಾಪ್ ಹಿಮಕ್ಕೆ ತಡೆಯುತ್ತಿತ್ತು. ಜಾರುವಿಕೆ ಸೊನ್ನೆ. ಇಳಿದದ್ದರ ಬಗ್ಗೆ ಏನು ಬರೆಯಲಿ, ಫರ್ ಮರಗಳ ಮಧ್ಯೆ, ಎದೆಗೆ ಹಿಮ ಹೊಡೆಯುತ್ತಾ, ಎಲ್ಲರೂ ಕಿರುಚುತ್ತಾ ಕೆಳಗಿನ ಬಾಬಾ ರೇಶಿ ಊರಿನವರೆಗೆ. ನಿಮಗೆ ಗೊತ್ತಿರೋದೇ.

ಅಲ್ಲಿನ ಚಹಾ ಅಂಗಡಿಯ ಅಜ್ಜ ಫೆರನ್ (ಉದ್ದ ನಿಲುವಂಗಿ) ಒಳಗಿಂದ ಕಾಂಗ್ಡಿ, ಅಂದರೆ ಕೆಂಡದ ಕುಡಿಕೆ, ತೆಗೆದು ನನ್ನ ಮುಂದೆ ಇಟ್ಟರು, ಕೈ ಕಾಯಿಸಿಕೋ ಅಂತ. ನಾನು ಕೈ ಬಿಟ್ಟು ಸ್ಕಿನ್ ಹಿಡಿದೆ. ಬೆಚ್ಚಗಾದ ಮೇಲೆ ಬೆರಳಿಂದ ಒತ್ತುತ್ತಾ ಬಂದೆ. ಒಂದೇ ಕೋಟ್ ಹಾಕಿದ ಭಾಗ ಬೆರಳನ್ನು ಚೆನ್ನಾಗೇ ಹಿಡಿದು ಎಳೆಯುತ್ತಿತ್ತು. ಅಂದರೆ ಅಂಟು ಕಡಿಮೆಯಾಗಿ ಹೀಗಾದದ್ದಲ್ಲ! ಬಾಲದ ಒಂದೂವರೆ ಗೇಣು ಮಾತ್ರ ಒರಟೊರಟು. ಕಿಟಕಿ ಬೆಳಕಿಗೆ ಓರೆ ಮಾಡಿ ನೋಡಿದೆ. ಅಂಟಿನ ತುಂಬಾ ಕೂದಲಿನಂಥ ಕಂದು ನಾರು.

ಕಾಗದದ ನಾರು. ಹಳೆ ಅಂಟು ತೆಗೆಯಲು ಕಂದು ಕಾಗದ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿ, ಬಿಸಿ ಇರುವಾಗಲೇ ಎಳೆಯಬೇಕಲ್ಲ? ಎಲ್ಲಾ ಕಡೆ ಹಾಗೇ ಮಾಡಿದ್ದೆ. ಕೊನೆಯ ತುಂಡಿಗೆ ಇಸ್ತ್ರಿ ಒತ್ತಿದ್ದೇ ತಡ, ಅಮ್ಮ ಅಡುಗೆಮನೆಯಿಂದ ಕೂಗಿದರು: "ಅಕ್ಕಿ ರೊಟ್ಟಿ ಆರೋಗತ್ತೆ, ಬಾರೋ." ರೊಟ್ಟಿ ಆರಬಾರದು ಅಂತ ಹೋದೆ, ಇಲ್ಲಿ ಕಾಗದ ಆರಿತು. ಬಂದು ಎಳೆದಾಗ ಅರ್ಧ ಕಾಗದ ಅಲ್ಲೇ ಉಳಿದಿರಬೇಕು. ಅದರ ಮೇಲೇ ಹೊಸ ಅಂಟು ಸವರಿದ್ದೇನೆ. ಬೆಳಿಗ್ಗೆಯಿಂದ ಅಂಗಡಿಯವರನ್ನು ಬೈದದ್ದು ಪೂರ್ತಿ ದಂಡ. ಒಡೆದ ಟ್ಯೂಬಿನ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ.

ಅಂದಹಾಗೆ, ಬಾಡಿಗೆ ಅಂಗಡಿಯಲ್ಲಿ ಒಂದು ಹಳೆ ಸ್ನೋಬೋರ್ಡ್ ಸುಮ್ನೆ ಬಿದ್ದಿದೆ, ಅಗ್ಗಕ್ಕೆ ಕೊಡುತ್ತಾರಂತೆ. ಉದ್ದಕ್ಕೆ ಗರಗಸ ಹಾಕಿ ಸೀಳಿದರೆ ಸ್ಪ್ಲಿಟ್‌ಬೋರ್ಡ್, ಹತ್ತುವಾಗ ಎರಡು ಸ್ಕೀ, ಇಳಿಯುವಾಗ ಜೋಡಿಸಿದರೆ ಒಂದೇ ಬೋರ್ಡ್! ಕೊಯ್ದ ಕಡೆ ಸ್ಟೀಲ್ ಅಂಚು ಇರೋದಿಲ್ಲ, ಮರಕ್ಕೆ ನೀರು ಇಳಿಯದ ಹಾಗೆ ಎಪಾಕ್ಸಿ ಬಳಿಯಬೇಕು. ಹಾಸನದವನ ಮಾವನ ಹತ್ತಿರ ಮರ ಕೊಯ್ಯುವ ಮಿಷನ್ ಇದೆ. ಇದರ ಬಗ್ಗೆ ಇನ್ನೊಮ್ಮೆ ಜಾಸ್ತಿ ಬರೆಯುತ್ತೇನೆ.

ಉಳಿದ ಅಂಟು ಬೆಂಗಳೂರಲ್ಲೇ ಇದೆ, ಬೆಂಕಿ ಹತ್ತುವ ಸರಕನ್ನು ವಿಮಾನದಲ್ಲಿ ತರೋ ಹಾಗಿಲ್ಲ. ಆದ್ದರಿಂದ ರಾತ್ರಿ ಹೋಟೆಲ್ ಹುಡುಗನ ಹತ್ತಿರ ಇಸ್ತ್ರಿ ಪೆಟ್ಟಿಗೆ ಕೇಳಿದೆ, ಬೇಕರಿಯ ಬ್ರೆಡ್ ಕವರ್ ಹರಿದುಕೊಂಡೆ. ನಾರು ಸಮೇತ ಬಾಲದ ಅಂಟನ್ನು ತೆಗೆಯೋದು, ಮುಂದಿನ ಭಾಗದಲ್ಲಿ ದಪ್ಪ ಇರುವುದನ್ನು ಕಾಯಿಸಿ ಹಿಂದಕ್ಕೆ ಸವರೋದು. ಫೋನ್ ಆಫ್ ಮಾಡಿದೆ. ಊಟಕ್ಕೆ ಕರೆದರೂ ಬರೋದಿಲ್ಲ ಅಂತ ಎಲ್ಲರಿಗೂ ಹೇಳಿದೆ. ಕಾಗದ ಇಟ್ಟು ಒತ್ತಿದೆ, ಅಂಟು ಕಾಗದದ ಮೇಲೆ ಎಣ್ಣೆ ಕಲೆಯ ಹಾಗೆ ಹರಡಿತು. ಇನ್ನೇನು ಎಳೆಯಬೇಕು, ಕರೆಂಟ್ ಹೋಯಿತು.

ಕಾಗದ ಇನ್ನೂ ಬಿಸಿ ಇತ್ತು. ಕತ್ತಲಲ್ಲೇ ಎಳೆದೆ.