ಜಡಿಮಳೆಯ ದಿನಗಳಲ್ಲಿ ಕಷಾಯ

ಸಕಲೇಶಪುರ, ಜುಲೈ 14, 2024, ಭಾನುವಾರ

ಪುನರ್ವಸು ಮಳೆ ಹಿಡಿದ ಮೇಲೆ ನಮ್ಮ ಮನೆಯಲ್ಲಿ ಸಂಜೆಯ ಕಾಫಿಗೆ ಬದಲಾಗಿ ಕಷಾಯವೇ ಆಗುತ್ತದೆ. ಕೊತ್ತಂಬರಿ ಬೀಜ ಎರಡು ಪಾಲು, ಜೀರಿಗೆ ಒಂದು ಪಾಲು, ಚೂರು ಮೆಂತ್ಯ, ಸ್ವಲ್ಪ ಕಾಳುಮೆಣಸು, ಇವನ್ನು ಬೇರೆ ಬೇರೆಯಾಗಿ ಘಮ ಬರುವವರೆಗೆ ಹುರಿದು ಪುಡಿ ಮಾಡಿಟ್ಟುಕೊಂಡಿರುತ್ತೇವೆ. ಲೋಟ ನೀರಿಗೆ ಒಂದು ಚಮಚ ಪುಡಿ ಮತ್ತು ಬೆಲ್ಲ ಹಾಕಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆಯೇ ಕಾಯಿಸಿದ ಹಾಲು ಬೆರೆಸಬೇಕು. ಬೆಲ್ಲದ ಜೊತೆ ಕುದಿದರೆ ಹಾಲು ಒಡೆಯುತ್ತದೆ. ದಿನನಿತ್ಯದ ಅಡುಗೆಯ ಸಾಮಾನುಗಳೇ ಇದರಲ್ಲಿರುವುದರಿಂದ ಮನೆಮಂದಿಯೆಲ್ಲ ನಿತ್ಯವೂ ಕುಡಿಯಬಹುದು.

ಆದರೆ ಗಿಡಮೂಲಿಕೆ ಎಂದಮಾತ್ರಕ್ಕೆ ಎಲ್ಲವನ್ನೂ ಹೀಗೆಯೇ ಕುಡಿಯಬಹುದೆಂಬ ನಂಬಿಕೆ ಈಚೆಗೆ ಹೆಚ್ಚುತ್ತಿರುವುದು ನನಗೆ ಕಳವಳ ತರುತ್ತದೆ. ಇಂದು ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ನಮ್ಮ ಬೇಲಿಯ ಆಡುಸೋಗೆ ಸೊಪ್ಪನ್ನು ಕೇಳಿಕೊಂಡು ಬಂದರು. ಬಸುರಿ ಸೊಸೆಗೆ ಕೆಮ್ಮು ಬಿಡುತ್ತಿಲ್ಲವಂತೆ. ಆಡುಸೋಗೆ ಕಫ ಸಡಿಲಿಸುವುದು ನಿಜ. ಅದರಲ್ಲಿರುವ ವಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಈಗಿನ ಕೆಮ್ಮಿನ ಔಷಧಿಗಳಲ್ಲಿ ಬಳಕೆಯಾಗುವ ಬ್ರೋಮ್‌ಹೆಕ್ಸಿನ್ ತಯಾರಾಯಿತು. ಆದರೆ ಅದೇ ವಾಸಿಸಿನ್ ಗರ್ಭಕೋಶವನ್ನೂ ಸಂಕುಚಿಸಬಲ್ಲದು. “ಬೇಡ ಅಕ್ಕ, ಬಸುರಿಯರಿಗೆ ಇದು ಆಗದು, ಡಾಕ್ಟರಿಗೆ ತೋರಿಸಿಬಿಡಿ” ಎಂದೆ. ಅವರು ಒಪ್ಪಿದಾಗ ನನಗೆ ಜೀವ ಬಂದಂತಾಯಿತು.

ಅಮೃತಬಳ್ಳಿಯ ವಿಷಯವೂ ಇದೇ. ಕೊರೊನಾ ಕಾಲದಲ್ಲಿ ಅದನ್ನು ತಿಂಗಳುಗಟ್ಟಲೆ ಸೇವಿಸಿದ ಕೆಲವರ ಯಕೃತ್ತಿಗೆ ತೊಂದರೆಯಾಯಿತೆಂದು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದರು. ಅದನ್ನೇ ಹೋಲುವ ಬೇರೊಂದು ಬಳ್ಳಿ ಬಳಕೆಯಾಗಿರಬಹುದೆಂದು ಆಯುಷ್ ಸಚಿವಾಲಯ ಹೇಳಿತ್ತು. ಎರಡರಲ್ಲಿ ಯಾವುದೇ ನಿಜವಿರಲಿ, ಗುರುತು ಖಚಿತವಿಲ್ಲದ ಬಳ್ಳಿಯನ್ನು ಕುದಿಸಿ ಕುಡಿಯುವುದು ತರವಲ್ಲ. ರಕ್ತದೊತ್ತಡ ಇರುವವರು ಅತಿಮಧುರದಿಂದಲೂ ದೂರವಿರಬೇಕು.

ಮಾಡುವ ಕ್ರಮಕ್ಕೂ ಬೆಲೆಯುಂಟು. ಗಟ್ಟಿಯಾದ ಬೇರು, ತೊಗಟೆಗಳನ್ನು ಕುದಿಸಿ ಬತ್ತಿಸುವುದು ಕ್ವಾಥ, ಬಿಸಿನೀರಿನಲ್ಲಿ ನೆನೆಸಿ ಸೋಸುವುದು ಫಾಂಟ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸುವುದು ಹಿಮ ಎಂದು ಆಯುರ್ವೇದ ಬೇರ್ಪಡಿಸಿ ಹೇಳುತ್ತದೆ. ತುಳಸಿ, ಮಜ್ಜಿಗೆ ಹುಲ್ಲುಗಳಿಗೆ ಫಾಂಟವೇ ಸರಿ, ಏಕೆಂದರೆ ಬಹಳ ಹೊತ್ತು ಕುದಿಸಿದರೆ ಅವುಗಳ ಸುಗಂಧ ತೈಲ ಆವಿಯಾಗಿ ಹೋಗುತ್ತದೆ. ಪಾತ್ರೆಗೆ ಮುಚ್ಚಳ ಹಾಕಿಡುವುದನ್ನು ಮರೆಯಬಾರದು.

ಮಕ್ಕಳ ಶೀತಕ್ಕೆ ನಾವು ನೆಚ್ಚಿಕೊಂಡಿರುವುದು ದೊಡ್ಡಪತ್ರೆಯನ್ನು. ದಪ್ಪ ಎಲೆಯನ್ನು ಬಿಸಿ ಕಾವಲಿಯ ಮೇಲೆ ಇಟ್ಟರೆ ಕ್ಷಣದಲ್ಲಿ ಬಾಡಿ ಬಣ್ಣ ಬದಲಾಗುತ್ತದೆ. ಆಗಲೇ ಹಿಂಡಿದರೆ ಅಂಗೈ ಮೇಲೆ ನಾಲ್ಕಾರು ಹನಿ ರಸ, ಓಮದಂತಹ ವಾಸನೆ. ದೊಡ್ಡ ಮಕ್ಕಳಿಗೆ ಅದನ್ನು ಜೇನಿನಲ್ಲಿ ನೆಕ್ಕಿಸುತ್ತೇವೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನುತುಪ್ಪವನ್ನು ಒಂದು ಹನಿಯೂ ಕೊಡಬಾರದು. ಅದರಲ್ಲಿರಬಹುದಾದ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲದು. ಬಾಣಂತನಕ್ಕೆ ಬರಲಿರುವ ತಂಗಿಗೆ ಇದನ್ನು ಇಂದೇ ಫೋನಿನಲ್ಲಿ ತಿಳಿಸಿದ್ದೇನೆ.